ಹುಲ್ಲು ಹುಟ್ಟದ ಬಯಲು

ನದಿಯ ದಂಡೆಯಲ್ಲಿ ಮುಚ್ಚಿಹೋದ ಒಂದು ಬಣ್ಣದ ಕಾರ್ಖಾನೆ. ಅದರ ಹಿಂದಿನ ಬಯಲಿನಲ್ಲಿ ಮೂವತ್ತು ವರ್ಷಗಳಿಂದ ಹುಲ್ಲು ಕೂಡ ಹುಟ್ಟಿರಲಿಲ್ಲ.

ಅದಕ್ಕೆ ಸಿಮೆಂಟು ಹಾಕಿ ಮುಚ್ಚಲು ನಗರಸಭೆ ಹೊರಟಿತ್ತು. ಅದಕ್ಕೂ ಮೊದಲು ಆ ಮಣ್ಣಿನಲ್ಲಿ ಜೀವವಿದೆಯೇ ಎಂದು ನೋಡಿ ಹೇಳುವ ಕೆಲಸ ಕುಮುದಾಳ ಪಾಲಿಗೆ ಬಂದಿತ್ತು. ಬ್ಯಾಕ್ಟೀರಿಯಾಗಳನ್ನು ಗುರುತಿಸುವ ವಿದ್ಯೆಯನ್ನು ಅವಳು ಚೆನ್ನವೀರಪ್ಪ ಮೇಷ್ಟ್ರ ಬಳಿ ಕಲಿಯುತ್ತಿದ್ದಳು.

ವಾರ ಕಳೆಯಿತು. ಅವಳು ಮಣ್ಣು ಉದುರಿಸಿಟ್ಟ ಗಾಜಿನ ತಟ್ಟೆಗಳಲ್ಲಿ ಏನೂ ಬೆಳೆಯಲಿಲ್ಲ. ಕುಮುದಾ ವರದಿ ಬರೆದು ತಂದಳು: 'ಮಣ್ಣು ಸತ್ತಿದೆ. ಸಿಮೆಂಟು ಹಾಕಿ ಮುಚ್ಚಬಹುದು.'

"ಸತ್ತಿದೆ ಅಂತ ಯಾರು ಹೇಳಿದರು?" ಮೇಷ್ಟ್ರು ಕೇಳಿದರು.

"ತಟ್ಟೆಗಳು ಖಾಲಿ ಇವೆ ಸರ್. ಒಳ್ಳೆಯ ಆಹಾರವನ್ನೇ ಹಾಕಿದ್ದೆ."

"ಏನು ಹಾಕಿದ್ದೆ?"

"ಮಾಂಸದ ಸಾರ, ಸಕ್ಕರೆ, ಯೀಸ್ಟು."

"ಮೂವತ್ತು ವರ್ಷ ಉಪವಾಸ ಇದ್ದವರಿಗೆ ಮದುವೆ ಊಟ ಬಡಿಸಿದೆಯಲ್ಲಮ್ಮ."

ಅವರು ಸಹಿ ಹಾಕಲಿಲ್ಲ. ಅದೇ ಬಯಲಿನ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಅಂಟು ಬೆರೆಸಿ ಕುದಿಸಿ, ಹೊಸ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸಿದರು. ಅದರ ಮೇಲೆ ಒಂದು ಚಿಟಿಕೆ ಮಣ್ಣು.

"ಈಗ ಕಾಯೋಣ."

ಕುಮುದಾ ಕಾದಳು. ನಗರಸಭೆಯ ಕಚೇರಿಯಿಂದ ಎರಡು ಸಲ ಫೋನು ಬಂತು. ವರದಿ ಎಲ್ಲಿ, ಸಿಮೆಂಟಿನ ಲಾರಿಗಳು ನಿಂತಿವೆ ಎಂದರು. "ಇನ್ನೂ ಆಗಿಲ್ಲ" ಎಂದು ಫೋನಿಟ್ಟು ಅವಳು ಮತ್ತೆ ತಟ್ಟೆಗಳ ಬಳಿ ಹೋಗುತ್ತಿದ್ದಳು.

ಮೂವತ್ತೆಂಟನೆಯ ದಿನ ಬೆಳಿಗ್ಗೆ ಒಂದು ತಟ್ಟೆಯಲ್ಲಿ ಸಾಸಿವೆಗಿಂತ ಚಿಕ್ಕದಾದ ಕೇಸರಿ ಚುಕ್ಕೆ ಕಂಡಿತು.

ಅದರ ಒಂದಿಷ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಸಾವಿರಾರು ಸಣ್ಣ ಕಡ್ಡಿಗಳು ಮೆಲ್ಲಗೆ ಹೊರಳುತ್ತಿದ್ದವು. ಅವಳು ಎಷ್ಟೋ ಹೊತ್ತು ಕಣ್ಣು ತೆಗೆಯಲಿಲ್ಲ.

ಅದರ ವಂಶವಾಹಿಗಳನ್ನು ಲೋಕದಲ್ಲಿ ಇದುವರೆಗೆ ಗೊತ್ತಿರುವ ಬ್ಯಾಕ್ಟೀರಿಯಾಗಳೊಂದಿಗೆ ಹೋಲಿಸಿದಳು. ಯಾವುದಕ್ಕೂ ಹೊಂದಲಿಲ್ಲ. ಸಿಕ್ಕ ಒಬ್ಬನೇ ದೂರದ ನೆಂಟ ಸಮುದ್ರದ ತಳದ ಕೆಸರಿನಲ್ಲಿದ್ದ.

"ಸರ್, ಇದನ್ನು ಯಾವ ಕುಲಕ್ಕೆ ಸೇರಿಸಲಿ? ಮೂರು ಕಡೆ ಇಟ್ಟು ನೋಡಿದೆ. ಎಲ್ಲೂ ಕೂರುತ್ತಿಲ್ಲ."

"ಹಾಗಾದರೆ ಒತ್ತಿ ಕೂರಿಸಬೇಡ. ಬೇರೆ ಮಣೆ ಹಾಕು."

ಕುಮುದಾ ಹಳೆಯ ವರದಿಯನ್ನು ಹರಿದು ಹಾಕಿದಳು. 'ಜೀವವಿದೆ, ಮುಚ್ಚಬೇಡಿ' ಎಂದು ಹೊಸದಾಗಿ ಬರೆದಳು. ಮೇಷ್ಟ್ರು ಸಹಿ ಹಾಕಿದರು. ಲಾರಿಗಳು ಬಂದ ದಾರಿಯಲ್ಲೇ ತಿರುಗಿ ಹೋದವು.

ಮರುದಿನ ಇನ್ನಷ್ಟು ಮಣ್ಣು ತರಲು ಇಬ್ಬರೂ ಬಯಲಿಗೆ ಹೋದರು. ಕುಮುದಾ ಗವಸು ತೊಟ್ಟು, ಬೂಟು ಮೆಟ್ಟಿ ಒಳಗೆ ನಡೆದಳು. ಸಲಿಕೆ ಎತ್ತಿ ಹಿಂತಿರುಗಿ ನೋಡಿದರೆ, ಮೇಷ್ಟ್ರು ಬೇಲಿಯ ಹೊರಗೇ ಕೈಮುಗಿದು ನಿಂತಿದ್ದಾರೆ.

ಸಲಿಕೆ ಅವಳ ಕೈಯಲ್ಲೇ ನಿಂತಿತು.

"ಯಾಕೆ ಸರ್, ಅಗೆಯಬಾರದೇ?"

"ಅಗಿ. ಆದರೆ ಮನೆಯಲ್ಲಿ ಜನ ಇದ್ದಾರೆ ಕಣಮ್ಮ. ಕೇಳಿ ತಗೋ."