ಬರುವುದಿಲ್ಲ ಎಂದ ಪಿನ್ನು

ಗ್ಯಾರೇಜಿನಲ್ಲಿ ಕಾರಿನ ಸ್ಟೀರಿಂಗಿನ ಕೊಂಡಿ ಬಿಚ್ಚಿದ ಸಿಲ್ವೆಸ್ಟರ್ ಮೇಸ್ತ್ರಿ, ಅದರ ನಟ್ಟನ್ನೂ ನಟ್ಟು ಕಳಚದಂತೆ ತಡೆಯುವ ತಂತಿಯಂಥ ಪಿನ್ನನ್ನೂ ಒಂದೇ ತಟ್ಟೆಯಲ್ಲಿಟ್ಟರು. ಎಂಟು ವರ್ಷ ಜೊತೆಗಿದ್ದವು ಅವು. ಪಕ್ಕದಲ್ಲಿ ಹೊಸ ಪಿನ್ನು ಕಂಡದ್ದೇ ನಟ್ಟಿಗೆ ಮೈ ಉರಿಯಿತು.

“ಅಣ್ಣಾ, ಈ ಹೊಸಬ ನನಗೆ ಬೇಡ. ನೀವೇ ಬನ್ನಿ. ಘಾಟಿಯ ಒಂದು ತಿರುವಿನಲ್ಲೂ ನೀವು ನನ್ನನ್ನು ಅಲುಗಲು ಬಿಟ್ಟವರಲ್ಲ.”

“ಅದಕ್ಕೇ ಬರುವುದಿಲ್ಲ, ತಮ್ಮಾ,” ಎಂದಿತು ಹಳೆಯ ಪಿನ್ನು. “ನಿನ್ನನ್ನು ಹಿಡಿದಿಡಲು ಬಗ್ಗಿದ್ದ ನನ್ನ ಕಾಲುಗಳನ್ನು ನೆಟ್ಟಗೆ ಮಾಡಿ ಹೊರಗೆಳೆದಿದ್ದಾರೆ. ಇನ್ನೊಮ್ಮೆ ಬಗ್ಗಿದರೆ ನಾನು ಉಳಿಯುವವನಲ್ಲ. ನಾನು ಬಿದ್ದರೆ ನೀನು ಕಳಚುತ್ತೀಯ. ನೀನು ಕಳಚಿದರೆ ಚಕ್ರ ಯಾರ ಮಾತೂ ಕೇಳುವುದಿಲ್ಲ. ಕಾರಿನಲ್ಲಿ ಮಕ್ಕಳು ಕೂರುತ್ತಾರೆ.”

“ನೋಡಲು ಗಟ್ಟಿಯಾಗಿಯೇ ಇದ್ದೀರಲ್ಲ,” ಎಂದು ನಟ್ಟು ಹಟ ಹಿಡಿಯಿತು.

ತೆಗೆದ ಪಿನ್ನನ್ನು ಯಾರೂ ಮತ್ತೆ ಹಾಕದಿರಲೆಂದು ಮುರಿದೇ ಎಸೆಯುವುದು ಮೇಸ್ತ್ರಿಯ ಪದ್ಧತಿ. ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಒಮ್ಮೆ ಬಗ್ಗಿಸಿದ್ದಷ್ಟೇ, ಪಿನ್ನಿನ ಕಾಲು ಲಟಕ್ಕನೆ ಮುರಿದು ಬಿತ್ತು.

ಮೇಸ್ತ್ರಿ ತಿರುಗಿಸಿದಾಗ ನಟ್ಟು ತನ್ನ ಜಾಗದಲ್ಲಿ ಬಿಗಿದು ಕೂತಿತು. ಹೊಸ ಪಿನ್ನು ಒಳಗೆ ಬರುವಾಗ ನಟ್ಟು ಅದನ್ನು ಕೇಳಿದ್ದು ಒಂದೇ ಮಾತು: “ನಿನ್ನ ದಿನ ಬಂದಾಗ ನೀನೂ ಅಣ್ಣನ ಹಾಗೆ ‘ಬರುವುದಿಲ್ಲ’ ಅನ್ನುತ್ತೀಯಾ?”