ಎರಡು ದಂಡೆಯ ನವಣೆ

ಗೊರವಂಕ ಹಕ್ಕಿ ಓದು ಬಿಟ್ಟು ಮೊದಲ ಸಲ ಊರು ತೊರೆದದ್ದು ಯುಗಾದಿಯ ಮರುದಿನ. ಅಂದಿನಿಂದ ಒಂದು ಮರದಲ್ಲಿ ನೆಲೆ ನಿಂತದ್ದಿಲ್ಲ. ಹಾಗೇ ಅಲೆಯುತ್ತ ಗೀಜಗಗಳ ಕೆರೆಗೆ ಬಂದು ಪಡುವಲ ದಂಡೆಯಲ್ಲಿ ಇಳಿಯಿತು.

ಅಲ್ಲಿ ಹೊಟ್ಟೆಗಿಲ್ಲದ ಮರಿಗಳಿಗೆ ನವಣೆ ಹಂಚಲು ದೊರೆ ಹದ್ದು ಹೊರಟಿತ್ತು. ಗೂಬೆ ಪಂಡಿತರು ತಡೆದರು. "ಪ್ರಭು, ಇದರಿಂದ ಪ್ರಯೋಜನ ಉಂಟೋ ಇಲ್ಲವೋ ಮೊದಲು ನೋಡೋಣ. ಮೂಡಲ ದಂಡೆಗೆ ಮಾತ್ರ ಕೊಡಿ, ಪಡುವಲ ದಂಡೆಗೆ ಬೇಡ. ಆಮೇಲೆ ಎರಡೂ ಕಡೆಯ ಮರಿಗಳನ್ನು ತೂಗುತ್ತೇನೆ."

ಆದರೆ ನೆಂಟರ ಮರಿ ಅಳುತ್ತಿರುವಾಗ ತಾವಷ್ಟೇ ತಿನ್ನುವುದು ಗೀಜಗಗಳ ಪದ್ಧತಿಯಲ್ಲ. ಮೂಡಲವರು ದಿನವೂ ಅರ್ಧ ನವಣೆಯನ್ನು ಪಡುವಲಿಗೆ ಹೊತ್ತರು. ಮರಿಗಳೆಲ್ಲ ಗುಂಡುಗುಂಡಾದವು.

ಪಂಡಿತರು ತೂಗಿ ಸಾರಿದರು: "ಪಡೆದವರಿಗೂ ಪಡೆಯದವರಿಗೂ ತೂಕ ಒಂದೇ. ನವಣೆಯಿಂದ ಲಾಭವಿಲ್ಲ, ನಿಲ್ಲಿಸಿಬಿಡಿ."

ಗೊರವಂಕಕ್ಕೆ ತಡೆಯಲಾಗಲಿಲ್ಲ. "ಅಯ್ಯೋ ಸ್ವಾಮಿ, ಇವರು ಹಂಚಿಕೊಂಡು ತಿಂದರಲ್ಲ! ಹಾಡುಹಗಲೇ ಹೊತ್ತೊಯ್ದರು!"

"ಹಗಲಲ್ಲಿ ನಡೆದದ್ದು ನನ್ನ ಅಧ್ಯಯನಕ್ಕೆ ಸೇರುವುದಿಲ್ಲ," ಎಂದರು ಗೂಬೆ ಪಂಡಿತರು.

ನವಣೆ ನಿಂತಿತು, ಮರಿಗಳು ಸೊರಗಿದವು. ಅವು ಸೊರಗಿದ್ದೇಕೆಂದು ತಿಳಿಯಲು ಪಂಡಿತರು ಹೊಸ ಅಧ್ಯಯನ ಹೂಡಿದರು. ಉಳಿತಾಯವಾದ ನವಣೆಯೆಲ್ಲ ಅವರ ಸಂಬಳಕ್ಕೆ ಹೋಯಿತು.

ಗೊರವಂಕ ಗಂಟು ಕಟ್ಟತೊಡಗಿತು. ಪಂಡಿತರು ರೇಗಿದರು.

"ಎಲ್ಲಿಗಯ್ಯಾ ಹೊರಟೆ? ಪಡುವಲ ದಂಡೆಯ ಲೆಕ್ಕದಲ್ಲಿ ನೀನೂ ಇದ್ದೀಯ!"

"ನವಣೆ ಬೆಳೆಯುವ ಹೊಲ ಹುಡುಕಲು, ಸ್ವಾಮಿ. ಗೀಜಗಗಳೂ ಮರಿ ಕಟ್ಟಿಕೊಂಡು ಬರುತ್ತಿವೆ. ನೀವು ಆರಾಮಾಗಿ ಕೂತು ಖಾಲಿ ಗೂಡು ತೂಗಿ," ಎನ್ನುತ್ತ ಅದು ಗಂಟನ್ನು ಬಿಗಿದುಕೊಂಡಿತು.