ಸುಮ್ಮನೆ ಕೂತು ಉಣ್ಣುವವನು ಯಾರು?

“ಕೇಳಿರಪ್ಪಾ ಕೇಳಿ! ಗಾಳಿದುರ್ಗದ ರಾಜಕುಮಾರಿ ಹೊನ್ನಾಂಬೆಯ ಅಪ್ಪಣೆ! ಅವಳ ಪುಟ್ಟ ತಮ್ಮನ ಉಸಿರು ಕಾಯುವ ಕಂಪ್ಯೂಟರಿಗೆ ಹೊಸ ಪ್ರೊಸೆಸರನ್ನೂ ಮದರ್‌ಬೋರ್ಡನ್ನೂ ಆರಿಸಿಕೊಡುವವರು ಬೇಕು. ಮೊದಲು ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಅರ್ಧ ರಾಜ್ಯ, ಇಬ್ಬರ ಮನಸ್ಸೂ ಒಪ್ಪಿದರೆ ಮದುವೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಹಾರುತ್ತದೆ!”

ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ಹೋದ. “ಅಬ್ಬಾ, ಎಂಥ ಕಲ್ಲೆದೆಯ ಹುಡುಗಿ” ಅಂದರು ಜನ. ಅನ್ನುವುದಕ್ಕೇನು, ನಾಲಗೆಗೆ ಎಲುಬಿಲ್ಲ. ಹೆತ್ತವರಿಲ್ಲದ ಆ ಹುಡುಗಿಗೆ ಇದ್ದವನು ತಮ್ಮನೊಬ್ಬನೇ. ಹುಟ್ಟಿದಂದಿನಿಂದ ಆ ಕೂಸಿನ ಉಸಿರು ನಡುನಡುವೆ ನಿಂತುಬಿಡುತ್ತಿತ್ತು. ನಿಂತ ಕೂಡಲೇ ತೊಟ್ಟಿಲ ಪಕ್ಕದ ಕಂಪ್ಯೂಟರ್ ಅದನ್ನು ಗುರುತಿಸಿ, ಗಾಳಿ ಊದುವ ಪಂಪನ್ನು ಎಬ್ಬಿಸುತ್ತಿತ್ತು. ಆದರೆ ಆ ಬೆಟ್ಟದ ಕೋಟೆಗೆ ಕರೆಂಟು ಕೊಡುವುದು ಒಂದೇ ಒಂದು ಗಾಳಿಯಂತ್ರ. ಗಾಳಿ ಬಿದ್ದರೆ ಬ್ಯಾಟರಿಯೇ ಗತಿ. ಮೊನ್ನೆ ಹಾಗೆ ಗಾಳಿ ಬಿದ್ದು, ಹಳೆಯ ಕಂಪ್ಯೂಟರ್ ಬ್ಯಾಟರಿಯನ್ನೆಲ್ಲ ಕುಡಿದು ನಿಂತುಹೋದಾಗ, ಹೊನ್ನಾಂಬೆ ಬಾಯಿಗೆ ಬಾಯಿಟ್ಟು ಊದಿ ತಮ್ಮನನ್ನು ಉಳಿಸಿಕೊಂಡಿದ್ದಳು. ಈಗ ಆಷಾಢವೂ ಮುಗಿಯುತ್ತ ಬಂದಿತ್ತು. ಅಮಾವಾಸ್ಯೆ ಕಳೆದರೆ ಗಾಳಿಯನ್ನು ನಂಬುವಂತಿಲ್ಲ.

“ತಪ್ಪು ಆರಿಸಿದವನು ನನ್ನ ತಮ್ಮನನ್ನು ಕೊಂದ ಹಾಗೆ. ತನ್ನ ತಲೆ ಪಣಕ್ಕಿಡಲಾರದವನು ಅವನ ಸುದ್ದಿಗೇ ಬರಬಾರದು” ಎಂಬುದು ಅವಳ ಹಟ.

ಮೊದಲು ಬಂದವನು ನೆರೆನಾಡಿನ ಯುವರಾಜ. ಹೊನ್ನಾಂಬೆ ಕೇಳಿದಳು: “ಒಂದು ಮನೆಯಲ್ಲಿ ಒಬ್ಬ ಆಳು. ದಿನವೆಲ್ಲ ಸುಮ್ಮನೆ ಕೂತಿರುತ್ತಾನೆ, ಅಪರೂಪಕ್ಕೊಮ್ಮೆ ಎದ್ದು ಬಂಡೆ ಎತ್ತುತ್ತಾನೆ. ಕಣಜ ಬರಿದಾಗುವುದು ಅವನ ಯಾವ ಊಟದಿಂದ?”

“ಬಂಡೆ ಎತ್ತಿದಾಗಿನ ಊಟದಿಂದ! ಕುಸ್ತಿ ಆಡಿದ ದಿನ ನಾನೇ ಇಡೀ ಕುರಿ ತಿನ್ನುತ್ತೇನೆ” ಎಂದು ಅವನು ಮೀಸೆ ತಿರುವಿದ. ಭಟರು ಅವನನ್ನು ಸೆರೆಮನೆಗೆ ಕರೆದೊಯ್ದರು.

ಎರಡನೆಯವನು ದೊಡ್ಡ ಪಂಡಿತ. ಮೊದಲ ಒಗಟನ್ನು ದಾಟಿದ. ಹೊನ್ನಾಂಬೆ ಎರಡನೆಯದನ್ನು ಇಟ್ಟಳು: “ಒಬ್ಬ ಆಳು ಹೊತ್ತಿಗೆ ಒಂದು ರೊಟ್ಟಿ ತಿನ್ನುತ್ತಾನೆ, ಇನ್ನೊಬ್ಬ ಎರಡು. ಇಬ್ಬರ ಮುಂದೆಯೂ ಕುಟ್ಟಬೇಕಾದ ಭತ್ತದ ರಾಶಿ ಒಂದೇ. ಯಾರನ್ನು ಇಟ್ಟುಕೊಂಡರೆ ಕಣಜ ಉಳಿಯುತ್ತದೆ?”

“ಒಂದು ರೊಟ್ಟಿಯವನನ್ನು. ಪ್ರೊಸೆಸರಿನ ಪೆಟ್ಟಿಗೆಯ ಮೇಲೆ ವ್ಯಾಟಿನ ಅಂಕಿ ಚಿಕ್ಕದಿದ್ದರೆ ಮುಗಿಯಿತಲ್ಲ!” ಅಂದ ಪಂಡಿತ. ಅವನೂ ಸೆರೆಮನೆ ಸೇರಿದ.

ಮೂರನೆಯವನು ಕಂಪ್ಯೂಟರಿನ ಬಿಡಿಭಾಗ ಮಾರುವ ವ್ಯಾಪಾರಿ. ಎರಡು ಒಗಟು ದಾಟಿದಾಗ ಅರಮನೆಯವರಿಗೆಲ್ಲ ಆಸೆ ಚಿಗುರಿತು. ರಾಜಕುಮಾರಿ ಬಟ್ಟೆ ಮುಚ್ಚಿದ ಎರಡು ಪೆಟ್ಟಿಗೆ ತೋರಿಸಿದಳು. “ಎರಡರಲ್ಲೂ ಒಂದೇ ಪ್ರೊಸೆಸರ್. ಕಡಿಮೆ ಉಣ್ಣುವುದು ಯಾವುದು?”

“ಪ್ರೊಸೆಸರ್ ಒಂದೇ ಆದಮೇಲೆ ಊಟವೂ ಒಂದೇ, ತಾಯಿ” ಎಂದು ಅವನು ನಕ್ಕ. ನಗುತ್ತಲೇ ಸೆರೆಮನೆ ಸೇರಿದ.

ಈ ಮೂವರಿಗೂ ಬಾಗಿಲು ತೆರೆದವನು ದ್ಯಾವಣ್ಣ ಎಂಬ ಬಾಗಿಲು ಕಾಯುವ ಹುಡುಗ. ಅಮಾವಾಸ್ಯೆಯ ಹಿಂದಿನ ದಿನ ಅವನು ಒಳಗೆ ಬಂದು, “ತಾಯಿ, ಹೊರಗೆ ಇನ್ಯಾರೂ ಉಳಿದಿಲ್ಲ” ಅಂದ. ಅಷ್ಟರಲ್ಲಿ ಕೂಸಿನ ಉಸಿರು ನಿಂತಿತು. ಪಂಪು ಗೊರ ಗೊರ ಅನ್ನುತ್ತ ಬಲು ನಿಧಾನಕ್ಕೆ ಎದ್ದಿತು. ಅಷ್ಟರಲ್ಲಾಗಲೇ ಹೊನ್ನಾಂಬೆ ಬಾಯಿಗೆ ಬಾಯಿಟ್ಟು ಊದಲು ತೊಟ್ಟಿಲಿಗೆ ಬಾಗಿದ್ದಳು. ದ್ಯಾವಣ್ಣನಿಗೆ ಅದನ್ನು ನೋಡಲಾಗಲಿಲ್ಲ. “ನನ್ನನ್ನ ಕೇಳಿ ತಾಯಿ” ಅಂದುಬಿಟ್ಟ.

ಮೊದಲ ಒಗಟಿಗೆ ಅವನು ತಲೆ ತಗ್ಗಿಸಿದ. “ಸುಮ್ಮನೆ ಕೂತಾಗಿನ ಊಟದಿಂದ. ನನ್ನನ್ನೇ ನೋಡಿ. ಬಾಗಿಲು ತೆಗೆಯೋದು ಯಾವಾಗ್ಲೋ ಒಂದ್ಸಲ, ಮೂರು ಹೊತ್ತು ಉಣ್ಣೋದು ಮಾತ್ರ ತಪ್ಪಿಲ್ಲ.”

ಎರಡನೆಯದಕ್ಕೆ ಬೆವರು ಒರೆಸಿಕೊಂಡ. “ಬೇಗ ಮುಗಿಸೋನು ಯಾರು ಅಂತ ನೀವು ಹೇಳಲೇ ಇಲ್ಲವಲ್ಲ?”

“ವ್ಯಾಪಾರಿ ಕೇಳಿದ, ಪಂಡಿತ ಕೇಳಲಿಲ್ಲ” ಅಂದಳು ಹೊನ್ನಾಂಬೆ. “ಎರಡು ರೊಟ್ಟಿಯವನು ಒಂದು ಹೊತ್ತಿನಲ್ಲಿ ಮುಗಿಸುತ್ತಾನೆ. ಒಂದು ರೊಟ್ಟಿಯವನಿಗೆ ನಾಲ್ಕು ಹೊತ್ತು ಬೇಕು.”

“ಹಂಗಾದ್ರೆ ಎರಡು ರೊಟ್ಟಿಯವನೇ ಇರಲಿ. ಕೆಲಸ ಮುಗಿದ ಮೇಲೆ ತೆಪ್ಪಗೆ ಮಲಗೋ ಬುದ್ಧಿ ಇದ್ರೆ.”

ಉಳಿದದ್ದು ಎರಡು ಪೆಟ್ಟಿಗೆ. ಎಡಗಡೆಯದು ಅನ್ನಲೇ, ಬಲಗಡೆಯದು ಅನ್ನಲೇ? ಕುರುಡು ಊಹೆ ಮಾಡಿದರೂ ಬದುಕುವ ಸಾಧ್ಯತೆ ಅರ್ಧಕ್ಕರ್ಧ ಎಂದು ಅವನಿಗನಿಸಿತು. ಕೂಸಿನ ಕಡೆ ನೋಡಿದ.

“ನಂಗೆ ಗೊತ್ತಿಲ್ಲ ತಾಯಿ.”

ಭಟರು ಹೆಜ್ಜೆ ಮುಂದಿಟ್ಟರು.

“ಒಂಚೂರು ತಾಳಿ! ಗೊತ್ತಿಲ್ಲದ್ದನ್ನ ಗೊತ್ತು ಅಂದ್ರೆ ನಾನು ಉಳಿದೇನು, ಕೂಸು ಉಳಿಯಲ್ಲ. ಆಳು ಒಬ್ಬನೇ ಆದ್ರೂ ಅವನು ಕೂತಿರೋ ಮನೇಲಿ ಇನ್ನೆಷ್ಟು ಬಾಯಿ ಇವೆಯೋ! ಗೋಡೆ ಪ್ಲಗ್ಗಿಗೆ ಕರೆಂಟಿನ ಮೀಟರ್ ಹಾಕಿ ಎರಡನ್ನೂ ಅಳೀರಿ. ಆಮೇಲೆ ತಲೆ ತೆಗೀರಿ.”

ಹೊನ್ನಾಂಬೆ ಕೈಯೆತ್ತಿ ಭಟರನ್ನು ತಡೆದಳು. ಮೀಟರ್ ಬಂತು. ಎಡಗಡೆಯ ಪೆಟ್ಟಿಗೆಗೆ ಮುಳ್ಳು ಸ್ವಲ್ಪ ಅಲುಗಿತು, ಬಲಗಡೆಯದಕ್ಕೆ ಮೂರು ಪಟ್ಟು ಏರಿತು. ಅವಳು ಬಟ್ಟೆ ಸರಿಸಿದಳು. ಬಲಗಡೆಯ ಮದರ್‌ಬೋರ್ಡಿನ ತುಂಬ ಬಣ್ಣದ ದೀಪ, ಯಾರೂ ತಂತಿ ಚುಚ್ಚದ ಕಿಂಡಿ, ಬೇಡದ ಚಿಪ್. ಎಡಗಡೆಯದು ಚಿಕ್ಕದು, ಬೋಳು ಬೋಳು.

“ದೀಪಕ್ಕೂ ಕಿಂಡಿಗೂ ಹೊಯ್ದ ಕರೆಂಟು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ” ಅಂದಳು. “ಉಸಿರು ಕಾಯುವ ಯಂತ್ರ ದಿನವೆಲ್ಲ ಬರೀ ಕಾಯುತ್ತದೆ. ಕಾಯುವಾಗ ಅದು ಕಡಿಮೆ ಉಣ್ಣಬೇಕು, ಎದ್ದಾಗ ಬೇಗ ಮುಗಿಸಿ ಮಲಗಬೇಕು, ಅದು ಕೂರುವ ಮನೆಯಲ್ಲಿ ದಂಡಪಿಂಡಗಳು ಇರಬಾರದು. ಇನ್ನು ಮೂರನೆಯ ಒಗಟಿಗೆ ಅಳೆಯುವುದೇ ಉತ್ತರ. ಊಹಿಸಿ ಎಡಗಡೆ ಅಂದಿದ್ದರೂ ನಿನ್ನ ತಲೆ ಹೋಗುತ್ತಿತ್ತು.”

ದ್ಯಾವಣ್ಣ ಕುತ್ತಿಗೆ ಮುಟ್ಟಿ ನೋಡಿಕೊಂಡ. “ಆರಿಸಿದ್ದಾಯ್ತು ತಾಯಿ, ಕೂರಿಸೋಕೆ ನಂಗೆ ಬರಲ್ಲ. ಸೆರೆಮನೇಲಿರೋ ಮೂವರನ್ನೂ ಬಿಟ್ಟುಬಿಡಿ, ಅವರು ಬೇಕು.”

ಅವರನ್ನು ಬಿಟ್ಟರು. ವ್ಯಾಪಾರಿ ಎಡಗಡೆಯ ಪೆಟ್ಟಿಗೆಯಿಂದ ಭಾಗಗಳನ್ನು ತೆಗೆದುಕೊಟ್ಟ, ಪಂಡಿತ ಉಸಿರು ಬಿಗಿಹಿಡಿದು ಜೋಡಿಸಿದ, ಯುವರಾಜ ಬ್ಯಾಟರಿ ಹೊತ್ತ. ಹೊಸ ಯಂತ್ರ ನಡೆಯತೊಡಗಿದ ಮೇಲಷ್ಟೇ ಹಳೆಯದನ್ನು ನಿಲ್ಲಿಸಿದರು.

ಅಮಾವಾಸ್ಯೆಯ ಬೆಳಿಗ್ಗೆ ಗಾಳಿ ಪೂರ್ತಿ ನಿಂತಿತು. ಎಲ್ಲರ ಕಣ್ಣೂ ಬ್ಯಾಟರಿಯ ಮುಳ್ಳಿನ ಮೇಲೆ. ಮಧ್ಯಾಹ್ನ ಕೂಸಿನ ಉಸಿರು ನಿಂತಾಗ ಪಂಪು ಥಟ್ಟನೆ ಎದ್ದಿತು, ಕೂಸು ಚೀರಿ ಅತ್ತಿತು. ಸಂಜೆಯಾದರೂ ಬ್ಯಾಟರಿ ಅರ್ಧಕ್ಕೆ ಇಳಿದಿರಲಿಲ್ಲ.

ಮಂತ್ರಿ ಅರ್ಧ ರಾಜ್ಯದ ಮುದ್ರೆಯುಂಗುರವನ್ನು ದ್ಯಾವಣ್ಣನ ಬೆರಳಿಗೆ ತೊಡಿಸಿ, ಮದುವೆಯ ಮಾತೆತ್ತಲು ರಾಜಕುಮಾರಿಯ ಕಡೆ ತಿರುಗಿದ. ಅವಳು ತೊಟ್ಟಿಲ ಪಕ್ಕ ಬರೀ ನೆಲದ ಮೇಲೆ ಗಾಢ ನಿದ್ದೆಯಲ್ಲಿದ್ದಳು. ಮಂತ್ರಿ ಅವಳನ್ನು ಕರೆಯಲು ಗಂಟಲು ಸರಿಮಾಡಿಕೊಂಡ.

“ಎಬ್ಬಿಸಬೇಡಿ” ಅಂದ ದ್ಯಾವಣ್ಣ. ಅರ್ಧ ರಾಜ್ಯದ ಒಡೆಯನಾಗಿ ಅವನು ಹೊರಡಿಸಿದ ಮೊದಲ ಅಪ್ಪಣೆ ಅದು.